ಮುಂಬೈ ಉಂಡ ಅಣವೀರಪ್ಪ

ಮಲಾಡಿನ ಚಾಳಿನಲ್ಲಿ ಅಣವೀರಪ್ಪನ ಮನೆ ಯಾವುದೆಂದು ಕೇಳಿದರೆ ಜನ ಮುಖ ಮುಖ ನೋಡುತ್ತಿದ್ದರು. ಹದಿನಾಲ್ಕನೇ ನಂಬರ್ ಎಂದರೆ ಮಾತ್ರ ಕೈ ತೋರಿಸುತ್ತಿದ್ದರು. ಕಾಂದಿವಲಿಯ ಕಾರ್ಖಾನೆಯಲ್ಲಿ ಅವನು ನಟ್ಟು ಬೋಲ್ಟುಗಳ ಉಗ್ರಾಣ ನೋಡಿಕೊಳ್ಳುತ್ತಿದ್ದ. ಅಲ್ಲಿ ಅವನ ಹೆಸರು ‘ಏ ಸ್ಟೋರ್’. ಮಲಾಡಿನಿಂದ ಕಾಂದಿವಲಿಗೆ ಲೋಕಲ್‌ನಲ್ಲಿ ಒಂದೇ ಸ್ಟೇಷನ್ನಿನ ದಾರಿ. ಹತ್ತೊಂಬತ್ತು ವರ್ಷಗಳಿಂದ ಅವನು ಅಷ್ಟೇ ಅಗಲದ ಮುಂಬೈಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುತ್ತ ಬಂದಿದ್ದ. ಹೊರಗಿನದನ್ನು ಬಾಯಿಗೆ ಹಾಕಬಾರದೆಂಬುದು ಹೆಂಡತಿ ಸುಂದ್ರವ್ವನ ಕಾನೂನು. ಡಬ್ಬಿಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ. ಮುಗಿಯಿತು.

ಇಂಡಿ ತಾಲೂಕಿನ ಅವನ ಊರಿನಲ್ಲಿ ಮಾತ್ರ ಕಥೆಯೇ ಬೇರೆ. ಪ್ರತಿ ಮೇ ತಿಂಗಳು ರಜೆಗೆ ಹೋದಾಗ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಅವನಿಗೆ ಜಾಗ ಬಿಟ್ಟುಕೊಡುತ್ತಿದ್ದರು. ಕಾರ್ಖಾನೆಯ ಕ್ಯಾಂಟೀನಿನ ಕೊರಗ, ಹಿಂದೆ ಪೇಟೆಯ ಹತ್ತಾರು ಹೋಟೆಲುಗಳಲ್ಲಿ ದುಡಿದವನು, ವರ್ಷವಿಡೀ ಹೇಳಿದ್ದನ್ನೆಲ್ಲ ಅಣವೀರಪ್ಪ ತಾನೇ ತಿಂದಂತೆ ಅಲ್ಲಿ ಬಡಿಸುತ್ತಿದ್ದ. ಬಂಡಿಯ ಗಾಲಿಯಂಥ ಜಿಲೇಬಿ, ಮೊಣಕೈ ತನಕ ಇಳಿಯುವ ಕುಲ್ಫಿ, ಹಾಸಿಗೆಯಂತೆ ಸುತ್ತಿಟ್ಟ ಕಡಲೆಹಿಟ್ಟಿನ ಖಾಂಡವಿ. ಕೊರಗ ಹೇಳಿದ್ದಕ್ಕಿಂತ ತುಸು ದೊಡ್ಡದಾಗಿಯೇ ಬರುತ್ತಿತ್ತು. ಕಥೆ ಹೇಳುವವರಿಗೆಲ್ಲ ಇದ್ದದ್ದೇ ಈ ರೋಗ, ಯಾರು ಯಾರನ್ನು ಬಯ್ಯುವುದು? ಊರಲ್ಲಿ ಅವನ ಹೆಸರು ‘ಮುಂಬೈ ಉಂಡ ಅಣವೀರಪ್ಪ’. ಹನ್ನೊಂದು ತಿಂಗಳು ನಂಬರಾಗಿ ಬಾಳುವವನಿಗೆ ಆ ಒಂದು ತಿಂಗಳ ಹೆಸರೇ ಆಸ್ತಿ.

ಎಪ್ಪತ್ತೆರಡರ ದೀಪಾವಳಿ ಮುಗಿದ ಮೇಲೆ ಅಕ್ಕನ ಗಂಡ ಭೀಮರಾಯನ ಕಾರ್ಡು ಬಂತು. ‘ಅಣವೀರ, ಮುಂಬೈ ನೋಡಾಕ ಬರಾಂಗಿಲ್ಲ, ತಿನ್ನಾಕ ಬರ್ತೀನಿ. ನಾಕು ದಿನ. ಏನೇನು, ಎಲ್ಲೆಲ್ಲಿ, ಯಾವ ಹೊತ್ತಿಗೆ ಅಂತ ಪಟ್ಟಿ ಮಾಡಿ ಕಳಿಸು. ಕಟ್ಟಿ ಮ್ಯಾಲ ಓದಿ ತೋರಸ್ಬೇಕು.’

ಅಣವೀರಪ್ಪ ಕಾರ್ಡು ಹಿಡಿದು ಕ್ಯಾಂಟೀನಿಗೆ ಓಡಿದ.

“ಅದಕ್ಕೆಂಥ ಮಂಡೆಬಿಸಿ ಮಾರಾಯ್ರೆ? ಬರ್ಕೊಳ್ಳಿ” ಎಂದ ಕೊರಗ, ಹಿಟ್ಟಿನ ಕೈ ಒರೆಸುತ್ತ. “ಆದ್ರೆ ಈ ಸಲ ಗಾಲಿ ಗೀಲಿ ಬೇಡ. ಅವ್ರು ಖುದ್ದು ಬಂದು ನೋಡ್ತಾರಲ್ಲ?”

ಆದ್ದರಿಂದ ಪಟ್ಟಿ ಮೊದಲ ಬಾರಿಗೆ ಸತ್ಯವಾಗಿ ತಯಾರಾಯಿತು. ಉಗ್ರಾಣದವನ ಕೈಯಲ್ಲವೆ, ಸಾಮಾನು ತರಿಸುವ ಇಂಡೆಂಟ್ ಫಾರ್ಮಿನ ಹಿಂಬದಿಗೆ ಗೆರೆ ಎಳೆದು, ವೇಳೆ, ಜಾಗ, ಸಾಮಾನು ಎಂದು ಮೂರು ಮನೆ ಮಾಡಿ ಬರೆದ. ಬೆಳಿಗ್ಗೆ ಎಂಟಕ್ಕೆ ಇರಾಣಿ ಹೋಟೆಲಿನಲ್ಲಿ ಬನ್ ಮಸ್ಕಾ. ಮಧ್ಯಾಹ್ನ ಒಂದಕ್ಕೆ ಮಿಸಳ್ ಪಾವ್. ಸಂಜೆ ಐದಕ್ಕೆ ದಾದರ್ ಸ್ಟೇಷನ್ ಹೊರಗೆ ವಡಾ ಪಾವ್. ರಾತ್ರಿ ಎಂಟಕ್ಕೆ ಪಾವ್ ಭಾಜಿ. ಮರುದಿನ ಟೋಸ್ಟು, ಉಸಳ್ ಪಾವ್. ಹೀಗೆ ನಾಲ್ಕು ದಿನ. ಊರವರಿಗೆ ಅರ್ಥವಾಗಲಿ ಎಂದು ಕೆಳಗೆ ಒಂದು ಟಿಪ್ಪಣಿಯನ್ನೂ ಸೇರಿಸಿದ: ‘ಪಾವ್ ಅಂದರೆ ಬ್ರೆಡ್ಡು. ಬನ್ನು ಸಹ ಅದೇ ಜಾತಿ.’

ಆ ಟಿಪ್ಪಣಿ ಇಲ್ಲದಿದ್ದರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು.

ಭೀಮರಾಯ ಬರಬೇಕಾದದ್ದು ಶನಿವಾರ. ಗುರುವಾರ ಬೆಳಿಗ್ಗೆಯೇ ಹದಿನಾಲ್ಕನೇ ನಂಬರಿನ ಬಾಗಿಲು ಬಡಿಯಿತು. ಸುಂದ್ರವ್ವ ತೆಗೆದರೆ ಭೀಮರಾಯ. ಹಿಂದೆ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡ ಅಕ್ಕ ದಾನವ್ವ. ಅವಳ ಕೈಯಲ್ಲಿ ಮಠದ ವಿಭೂತಿ, ಕಷಾಯದ ಪುಡಿ, ಒಂದು ಗಂಟು ರೊಟ್ಟಿ.

ದಾನವ್ವ ಒಳಗೆ ನುಗ್ಗಿ, ಹಲ್ಲುಜ್ಜುತ್ತಿದ್ದ ತಮ್ಮನ ಹಣೆ ಮುಟ್ಟಿದಳು. “ಯಾವಾಗಿಂದಪ್ಪಾ? ಒಂದ ಕಾಗದ ಬರ್ಯಾಕ ಆಗ್ಲಿಲ್ಲೇನ ನಿನಗ?”

“ಏನಾಗೇದ ಯಕ್ಕಾ?” ಅಣವೀರಪ್ಪನ ಬಾಯಿಂದ ನೊರೆ ಹಾರಿತು.

“ನೋಡ್ರಿ, ಬಾಯಾಗ ನೊರಿ ಬ್ಯಾರೆ!”

ಭೀಮರಾಯ ಜೇಬಿನಿಂದ ಪಟ್ಟಿ ತೆಗೆದು ಬಿಡಿಸಿದ. ಅವರ ಊರಿಗೆ ಬ್ರೆಡ್ಡು ಬರುತ್ತಿದ್ದುದು ಯಾರಿಗಾದರೂ ವಿಷಮಜ್ವರ ಹತ್ತಿದಾಗ ಮಾತ್ರ. ಇಂಡಿಯ ಡಾಕ್ಟರು ‘ರೊಟ್ಟಿ ಬಂದ್, ಬ್ರೆಡ್ಡು ಹಾಲು’ ಎಂದಾಗ. ಮೂರನೇ ದಿನವೂ ಬ್ರೆಡ್ಡೇ ಬಂತೆಂದರೆ ನೆಂಟರಿಗೆ ಹೇಳಿಕಳಿಸುತ್ತಿದ್ದರು. ಇಲ್ಲಿ ನೋಡಿದರೆ ಹೊತ್ತು ಹೊತ್ತಿಗೆ, ದಿನಕ್ಕೆ ನಾಲ್ಕು ಸಲ, ನಾಲ್ಕು ದಿನ!

“ಕಟ್ಟಿ ಮ್ಯಾಲ ಓದಿದ್ನಿ. ಅರ್ಧಕ್ಕ ಎಲ್ಲಾರೂ ಟೊಪಗಿ ತಗದ್ರು” ಎಂದ ಭೀಮರಾಯ. “ಪಾಪ, ನೇರ ಹೇಳಾಕ ನಾಚಿ ಹಿಂಗ ತಿಳಿಸ್ಯಾನ ಅಂದ್ರು.”

ಸುಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿದಳು. ಅವಳ ಬೆನ್ನು ಅಲುಗುವುದನ್ನು ಕಂಡ ದಾನವ್ವ, ಅಳುತ್ತಿದ್ದಾಳೆಂದು ತಿಳಿದು ತಾನೂ ಇನ್ನೊಮ್ಮೆ ಅತ್ತಳು.

“ನನಗ ಏನೂ ಆಗಿಲ್ಲ! ಇಲ್ಲಿ ಛೊಲೋ ಇದ್ದಾವ್ರೂ ಬ್ರೆಡ್ಡ ತಿಂತಾರ!”

“ಜ್ವರ ಇಲ್ಲದ?” ಎಂದಳು ದಾನವ್ವ.

“ಜ್ವರ ಇಲ್ಲದ!”

ಯಾರೂ ನಂಬಲಿಲ್ಲ. ಅಣವೀರಪ್ಪನಿಗೆ ಕಷಾಯಕ್ಕಿಂತ ಕಹಿಯಾಗಿ ಕಂಡದ್ದು ಬೇರೆ: ಮುಂಬೈ ಉಂಡವನು ಎಂಬ ಹೆಸರು ಹೋಗಿ ಬ್ರೆಡ್ಡು ತಿಂದವನು ಎಂದಾದರೆ ಮೇ ತಿಂಗಳಲ್ಲಿ ಆ ಕಟ್ಟೆಯ ಮೇಲೆ ಮುಖ ತೋರಿಸುವುದು ಹೇಗೆ? ರಜೆ ಹಾಕಿದ. ಸಂಜೆಗೆ ಮೂವರನ್ನೂ ಲೋಕಲ್ ಹತ್ತಿಸಿಕೊಂಡು ದಾದರ್‌ಗೆ ಹೊರಟ, ಕಣ್ಣಾರೆ ತೋರಿಸಲು.

ಸ್ಟೇಷನ್ನಿನ ಹೊರಗೆ ಗಾಡಿಯ ಸುತ್ತ ಗುಂಪು. ಗಿರಣಿಯಿಂದ ಬಂದ ದಾಂಡಿಗರು, ಸೂಟಿನವರು, ಪುಸ್ತಕ ಹಿಡಿದ ಹುಡುಗಿಯರು, ಎಲ್ಲರ ಕೈಯಲ್ಲೂ ಬ್ರೆಡ್ಡು.

ದಾನವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಯವ್ವಾ! ಊರಿಗೆ ಊರೇ ಜ್ವರದಾಗ ಮಲಗೇದಲ್ಲೋ!”

ಅಣವೀರಪ್ಪ ಗುಂಪಿನೊಳಗೆ ನುಗ್ಗಿ, ದಿನಾ ಬರುವವನ ಗತ್ತಿನಲ್ಲಿ ನಾಲ್ಕು ಬೆರಳೆತ್ತಿದ. ಗಾಡಿಯವನು ನಾಲ್ಕು ಪಾವನ್ನು ಸೀಳಿ, ವಡೆ ಒಳಗಿಟ್ಟು, ಕಾಗದದಲ್ಲಿ ಸುತ್ತಿ ಕೊಟ್ಟ. ಅಣವೀರಪ್ಪ ತನ್ನದನ್ನು ಬಿಚ್ಚಿ, ಪಾವನ್ನು ಎರಡು ಹೋಳು ಮಾಡಿ, ವಡೆಯನ್ನು ಈಚೆ ತೆಗೆದು, ಅದನ್ನಿಡಲು ಪ್ಲೇಟು ಎಲ್ಲಿ ಎಂದು ಹುಡುಕತೊಡಗಿದ.

ಗಾಡಿಯವನು ನಕ್ಕ. “ಕಾಯ್ ಕಾಕಾ, ಪಹಿಲ್ಯಾಂದಾಚ್ ಖಾತಾಯ್ ಕಾ?”

ಗಡಿಯೂರಿನ ಭೀಮರಾಯನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಅವನು ಭಾವಮೈದುನನನ್ನೇ ನೋಡಿದ.

“ಅಣವೀರ, ಮೊದಲನೇ ಸಲ ತಿನ್ನಾಕತ್ತೀಯೇನು ಅಂತ ಕೇಳಾಕತ್ಯಾನ.”

ಅಣವೀರಪ್ಪ ಒಂದು ಕೈಯಲ್ಲಿ ವಡೆ, ಇನ್ನೊಂದರಲ್ಲಿ ಪಾವ್ ಹಿಡಿದು ನಿಂತ. “ಹೌದು ಮಾವಾ” ಎಂದ ಕೊನೆಗೆ. “ಇದಷ್ಟ ಅಲ್ಲ. ಕುಲ್ಫಿ, ಖಾಂಡವಿ, ಜಿಲೇಬಿ, ಯಾವ್ದೂ ತಿಂದಿಲ್ಲ. ಎಲ್ಲಾ ಕೊರಗ ಹೇಳಿದ್ದು. ಊರಿನ ಗಾಡಿ ಹತ್ತಾಕ ಬಿಟ್ರ, ಮಲಾಡ ದಾಟಿ ಇತ್ಲಾಗ ಬಂದದ್ದ ಐದಾರು ಸಲ.”

ಸುಂದ್ರವ್ವ ನೆಲ ನೋಡಿದಳು. ತನ್ನ ಕಾನೂನು ಇಷ್ಟು ದೂರ ಹೋಗಿತ್ತೆಂದು ಅವಳಿಗೂ ಗೊತ್ತಿರಲಿಲ್ಲ.

“ಅಂದ್ರ” ಎಂದ ಭೀಮರಾಯ ನಿಧಾನವಾಗಿ, “ಹತ್ತೊಂಬತ್ತು ವರ್ಷ ಇಡೀ ಕಟ್ಟಿಗೆ ಬಾಯಾಗ ನೀರ ತರ್ಸಿದಿ. ಬರೇ ಹೊಟ್ಟೀಲೆ?”

“ಹ್ಞೂಂ.”

“ಭಪ್ಪರೆ ಮಗನ!” ಭೀಮರಾಯ ಅವನ ಬೆನ್ನಿಗೆ ಗುದ್ದಿದ ರಭಸಕ್ಕೆ ವಡೆ ಕೈಜಾರುವುದರಲ್ಲಿತ್ತು. “ತಿಂದು ಹೇಳಾವ್ರು ಸಾವಿರ ಮಂದಿ ಅದಾರ, ತಿನ್ನದ ಹೇಳಾವ ನೀ ಒಬ್ಬನ! ತಿನ್ನು, ತಿನ್ನು. ತಿಂದು ಹೇಳು ಈಗ, ಹೆಂಗೈತಿ?”

ಅಣವೀರಪ್ಪ ವಡೆಯನ್ನು ಪಾವಿನೊಳಗೆ ಮರಳಿ ಇಟ್ಟು ಕಚ್ಚಿದ. ಅಗಿದ. ನುಂಗಿದ. ಮೂವರೂ ಕಾಯುತ್ತಿದ್ದರು.

“ಖಾರ ಐತಿ.”

“ಮತ್ತ?”

“ಬಿಸಿ ಐತಿ.”

“ಇಷ್ಟ?” ಭೀಮರಾಯನ ಮುಖ ಬಾಡಿತು. “ಇದನ್ನ ಕಟ್ಟಿ ಮ್ಯಾಲ ಹೇಳಿದ್ರ ಮಂದಿ ಎದ್ದ ಹೋಗ್ತಾರೋ!”

ಅವನು ಯೋಚಿಸಿ ತೀರ್ಮಾನ ಕೊಟ್ಟ: ಪಟ್ಟಿಯಂತೆಯೇ ನಾಲ್ಕು ದಿನ ತಿರುಗುವುದು, ಉಳಿದವರು ತಿನ್ನುವುದು, ಅಣವೀರಪ್ಪ ಮುಂದೆ ಕುಳಿತು ಮೊದಲು ಹೇಳುವುದು, ತಾನು ಮಾತ್ರ ತಿನ್ನಬಾರದು; ತಿಂದರೆ ಮಾತು ಸಪ್ಪೆಯಾಗುತ್ತದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಇರಾಣಿ ಹೋಟೆಲಿನ ಮೇಜಿಗೆ ಬನ್ ಮಸ್ಕಾ ಬಂತು. ಅಣವೀರಪ್ಪ ಕೈಕಟ್ಟಿ ಕುಳಿತು ಶುರು ಮಾಡಿದ. ಹಸುಗೂಸಿನ ಕೆನ್ನೆಯಂಥ ಬನ್ನು, ಅದರೊಳಗೆ ದಾರಿ ತಪ್ಪಿದ ಬೆಳದಿಂಗಳಂತೆ ಬೆಣ್ಣೆ. ದಾನವ್ವ ಕಣ್ಣು ಮುಚ್ಚಿ ತಿಂದಳು. ಪಕ್ಕದ ಮೇಜಿನ ಕನ್ನಡದವರೊಬ್ಬರು ತಮ್ಮ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡರು.

ಮೇಜಿನ ಕೆಳಗೆ ಸುಂದ್ರವ್ವನ ಕೈ ಅವನ ಮೊಣಕಾಲಿಗೆ ತಾಗಿತು. ಅವಳ ಅಂಗೈಯಲ್ಲಿ ಅರ್ಧ ಬನ್ನು ಇತ್ತು.