ಒರೆಸಿದ ಕಿಟಕಿ

ವಿಶ್ವವಿದ್ಯಾಲಯದ ಲೇಸರ್ ಕೋಣೆಯಲ್ಲಿ ಅವಳನ್ನು ಎಲ್ಲರೂ ಒರೆಸಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅಲ್ಲಿನ ಯಂತ್ರ ನೋಡಿಕೊಳ್ಳುವವಳು. ಕೈಯಲ್ಲಿ ಬಟ್ಟೆಯಿಲ್ಲದ ಅಕ್ಕನನ್ನು ಕಂಡವರೇ ಇಲ್ಲ. ಎದುರಿಗೆ ನಿಂತು ಮಾತಾಡುತ್ತಿದ್ದರೆ ನಿಮ್ಮ ಕನ್ನಡಕವನ್ನೂ ಕಿತ್ತುಕೊಂಡು ಒರೆಸಿಬಿಟ್ಟಾಳು.

ಯಂತ್ರವೆಂದರೆ ಗಾಳಿ ಹೀರಿ ತೆಗೆದ ಉಕ್ಕಿನ ಡಬ್ಬಿ. ಲೇಸರ್ ಗಾಜಿನ ಕಿಟಕಿಯೊಂದರ ಮೂಲಕ ಒಳಹೊಕ್ಕು ಆಕ್ಸೈಡಿನ ಬಿಲ್ಲೆಗೆ ಬಡಿಯುತ್ತದೆ. ಬಡಿದಾಗ ಚಿಮ್ಮುವ ನೇರಳೆ ಜ್ವಾಲೆ ಎದುರಿನ ಬಿಸಿ ತಟ್ಟೆಯ ಮೇಲೆ ಪದರವಾಗಿ ಕೂರುತ್ತದೆ. ಆ ಪದರದ ದಪ್ಪ ಕೂದಲಿನ ಸಾವಿರದಲ್ಲೊಂದು ಪಾಲು.

ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ ರಜೆಗೆ ಮೊದಲು ಅಂಥ ಮೂರು ಪದರ ಮಾಡಿದ್ದಳು. ಗಾಜಿನಷ್ಟು ತಿಳಿ, ಆದರೂ ವಿದ್ಯುತ್ ಸಲೀಸಾಗಿ ಹರಿಯುತ್ತಿತ್ತು. ಮೂರನ್ನೂ ಕತ್ತರಿಸಿ ಪರೀಕ್ಷೆಗೇ ಖರ್ಚು ಮಾಡಿದ್ದಳು, ಉಳಿದದ್ದು ಅಂಕಿ ಮಾತ್ರ. ರಜೆ ಮುಗಿಸಿ ಬಂದು ಅದೇ ಬಿಲ್ಲೆ, ಅದೇ ಶಾಖ, ಅದೇ ಲೇಸರ್ ಅಳತೆ ಇಟ್ಟು ಹತ್ತು ಸಲ ಮಾಡಿದಳು. ಹತ್ತೂ ಕೆಟ್ಟವು, ಮೈಯೆಲ್ಲ ಗಂಟು ಗಂಟು.

ಪ್ರೊಫೆಸರ್ ಅಕ್ಕನನ್ನು ಕರೆದು ಹುಡುಗಿಯ ಮುಂದೆಯೇ ಕೇಳಿದರು. "ರಜೆಯಲ್ಲಿ ಯಂತ್ರಕ್ಕೆ ಏನಾದ್ರೂ ಮಾಡಿದ್ರಾ?"

"ಒಂದು ಸ್ಕ್ರೂ ಕೂಡ ಮುಟ್ಟಿಲ್ಲ ಸಾರ್. ದಾಖಲೆ ಪುಸ್ತಕ ನೋಡಿ ಬೇಕಾದ್ರೆ."

ಪುಸ್ತಕದಲ್ಲಿ ಆ ತಿಂಗಳ ಪುಟ ಖಾಲಿ. ಅವರು ಹುಡುಗಿಯ ಕಡೆ ತಿರುಗಿದರು. "ಹಾಗಾದ್ರೆ ಮೊದಲಿನ ಅಂಕಿ ಎಲ್ಲಿಂದ ಬಂತು ಅಂತ ನೀನೇ ಹೇಳ್ಬೇಕಮ್ಮ. ಶುಕ್ರವಾರದ ಒಳಗೆ ಹೇಳು. ಇಲ್ಲದಿದ್ರೆ ಶಿಸ್ತು ಸಮಿತಿಗೆ ಬರೀಬೇಕಾಗುತ್ತೆ."

ಹುಡುಗಿಯ ಮುಖ ಬಿಳುಚಿಕೊಂಡಿತು. ಅಕ್ಕನಿಗೆ ಅಯ್ಯೋ ಅನ್ನಿಸಿತು, ಅಷ್ಟೇ. ಈಗಿನ ಮಕ್ಕಳಿಗೆ ಅವಸರ ಜಾಸ್ತಿ ಎಂದುಕೊಂಡು ಬಾಗಿಲು ಹಾಕಿದಳು.

ಆ ಸಂಜೆ ಮನೆಯಲ್ಲಿ ಒಗೆಯುವ ಬಟ್ಟೆ ಬೇರೆ ಮಾಡುತ್ತಿದ್ದ ಗಂಡ ಒಂದು ತುಂಡನ್ನು ಮೇಲೆತ್ತಿ ಹಿಡಿದ. ಟೈಲರ್ ಆದ್ದರಿಂದ ಕಲೆಯ ವಿಷಯದಲ್ಲಿ ಅವನ ಕಣ್ಣಿಗೆ ಮಣ್ಣೆರಚಲಾಗದು. "ಏನೇ ಇದು? ಮೂರು ಸಲ ಒಗೆದ್ರೂ ಈ ಕಂದು ಹೋಗ್ತಿಲ್ಲ!"

"ಲೇಸರ್ ಕಿಟಕೀದು. ರಜೆಯಲ್ಲಿ ಡಬ್ಬಿ ಬಾಗಿಲು ತೆಗೆದು ಪಾಲಿಶ್ ಪುಡಿ ಹಾಕಿ ಉಜ್ಜಿದ್ದೆ. ಒಳಗೆ ಹಾರಿದ್ದೆಲ್ಲ ಗಾಜಿಗೂ ಕೂತಿರುತ್ತೆ."

"ಇಷ್ಟು ಮಸಿ ಇದ್ರೆ ಬೆಳಕು ಒಳಗೆ ಹೋಗ್ತಿತ್ತಾ?"

ಅಕ್ಕ ಆ ತುಂಡನ್ನು ಕಿತ್ತುಕೊಂಡು ದೀಪಕ್ಕೆ ಹಿಡಿದಳು. ಲೇಸರಿನ ಶಕ್ತಿಯನ್ನು ಅಳೆಯುವುದು ಕಿಟಕಿಯ ಹೊರಗೆ. ಮಸುಕು ಗಾಜು ಅರ್ಧವನ್ನು ನುಂಗಿ ಉಳಿದರ್ಧವನ್ನು ಒಳಗೆ ಬಿಡುತ್ತಿದ್ದಿರಬೇಕು. ಒರೆಸಿದ ಮೇಲೆ ಪೂರ್ತಿ ಒಳನುಗ್ಗಿ ಬಿಲ್ಲೆಯನ್ನು ಚೂರು ಚೂರಾಗಿ ಸಿಡಿಸುತ್ತಿದೆ, ಪದರದ ಮೇಲಿನ ಗಂಟು ಆ ಚೂರುಗಳೇ. ಸ್ಕ್ರೂ ಮುಟ್ಟಿಲ್ಲ ಎಂದದ್ದು ನಿಜವೇ. ಆ ನಿಜದಿಂದಲೇ ಹುಡುಗಿ ಸುಳ್ಳುಗಾತಿಯಾಗಿದ್ದಳು. ಅಕ್ಕನಿಗೆ ನಾಚಿಕೆಯಾಯಿತು, ಭಯವೂ ಆಯಿತು. ಇಪ್ಪತ್ತಾರು ವರ್ಷದಲ್ಲಿ ಅವಳ ಮೇಲೆ ಒಂದು ಮಾತು ಬಂದಿರಲಿಲ್ಲ.

ಬೆಳಿಗ್ಗೆ ಪ್ರೊಫೆಸರ್ ಕುರ್ಚಿಗೆ ಕೂರುವ ಮೊದಲೇ ಹೇಳಿಬಿಟ್ಟಳು. "ತಪ್ಪು ನಂದು ಸಾರ್. ಕಿಟಕಿ ಒರೆಸಿದ್ದೆ."

"ಬರೆದಿಲ್ವಲ್ಲಕ್ಕಾ?"

"ಒರೆಸೋದನ್ನ ಯಾರು ಬರೀತಾರೆ ಸಾರ್? ಅದೂ ಒಂದು ಕೆಲಸ ಅಂತ ನನಗೇ ಅನ್ನಿಸಿರಲಿಲ್ಲ."

ಹಳೆಯ ಮಸುಕು ಎಷ್ಟಿತ್ತೆಂದು ಈಗ ಅಳೆಯುವುದು ಹೇಗೆ? ಅಳತೆ ಅಕ್ಕನ ಕಣ್ಣಲ್ಲಿತ್ತು. ಅವಳು ಪಕ್ಕದ ಇಣುಕುಗಾಜಿನ ಮುಂದೆ ಕೂತಳು, ಹುಡುಗಿ ಲೇಸರಿನ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದಳು.

"ಇನ್ನೂ ಇಳಿಸು. ಆಗ ಜ್ವಾಲೆ ತಟ್ಟೆ ಮುಟ್ಟಿಯೂ ಮುಟ್ಟದ ಹಾಗಿರ್ತಿತ್ತು. ಇನ್ನೊಂಚೂರು. ಹಾಂ, ಸಾಕು."

ಮೂರನೆಯ ಸಲಕ್ಕೆ ಪದರ ತಿಳಿಯಾಗಿ ಬಂತು, ವಿದ್ಯುತ್ತೂ ಹರಿಯಿತು. ಪ್ರೊಫೆಸರ್ ಹುಡುಗಿಯ ಕ್ಷಮೆ ಕೇಳಿದರು. ಅವರು ಹೋದ ಮೇಲೆ ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. "ಅಕ್ಕಾ, ನಾನೇ ಸುಳ್ಳು ಬರೆದ್ನೇನೋ ಅಂತ ನನಗೇ ಅನುಮಾನ ಬರೋಕೆ ಶುರುವಾಗಿತ್ತು."

ಅಕ್ಕ ಅವಳ ತಲೆ ಸವರಿದಳು. ಬಟ್ಟೆಯನ್ನು ಮೇಜಿನ ಮೇಲಿಟ್ಟು, ಪೆನ್ನು ಕೇಳಿ ತೆಗೆದುಕೊಂಡು, ಆ ಖಾಲಿ ಪುಟದಲ್ಲಿ ರಜೆಯ ತಾರೀಖು ಹಾಕಿ ಬರೆದಳು: ಕಿಟಕಿ ಒರೆಸಿದೆ. ಕೆಳಗೆ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒರೆಸಿದ ಕೆಲಸಕ್ಕೆ, ತನ್ನ ಸಹಿ ಹಾಕಿದಳು.