ಮದ್ದಿನ ಡ್ರಮ್ಮು, ಮೈಮೂನಮ್ಮನ ಮೀನು

ಐವರ್ನಾಡಿನ ಜತ್ತಪ್ಪ ಅಡಿಕೆ ಮರಕ್ಕೆ ಕೊಳೆರೋಗದ ಮದ್ದು ಬಿಡಲು ಶುರುಮಾಡಿ ಮೂವತ್ತೊಂದು ವರ್ಷವಾಯಿತು. ಮದ್ದಿನ ಮೈಲುತುತ್ತಿಗೆ, ಅಂದರೆ ತಾಮ್ರದ ಉಪ್ಪಿಗೆ, ಸುಣ್ಣ ಸಾಕಾಯಿತೇ ಎಂದು ಅವರು ನೋಡುವುದು ಕತ್ತಿಯಿಂದ. ಕಬ್ಬಿಣದ ಅಲಗನ್ನು ಮದ್ದಿನಲ್ಲಿ ಅದ್ದಿ ತೆಗೆದಾಗ ಕೆಂಪು ಹಿಡಿದರೆ ಅದು ತಾಮ್ರ. ಸುಣ್ಣ ಇನ್ನೂ ಬೇಕು. ಅವರ ಮದ್ದು ತಾಗಿ ಒಂದು ಹಿಂಗಾರವೂ ಸುಟ್ಟದ್ದಿಲ್ಲ.

ಕಳೆದ ಮಳೆಗಾಲ ಸವಣೂರಿನ ತೋಟವೊಂದರಲ್ಲಿ ಕೆಲಸ ಮುಗಿಸಿ, ಎಂದಿನಂತೆ ಡ್ರಮ್ಮುಗಳನ್ನು ತೋಡಿನಲ್ಲಿ ತೊಳೆದರು. ಆ ತೋಡಿನ ನೀರು ಹೋಗುವುದು ಮೈಮೂನಮ್ಮನ ಮೀನಿನ ಕೆರೆಗೆ. ಮರುದಿನ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಯಾರೂ ಕೇಳುವ ಮೊದಲೇ ಜತ್ತಪ್ಪ ಮೈಮೂನಮ್ಮನ ಅಂಗಳಕ್ಕೆ ಹೋಗಿ ನಿಂತರು.

“ಡ್ರಮ್ ತೊಳೆದದ್ದು ನಾನೇ.”

“ನಿಮ್ಮನ್ನು ಬೈದ್ರೆ ಮೀನು ಎದ್ದು ಬರ್ತದಾ ಜತ್ತಪ್ಪಣ್ಣ? ಇನ್ನು ನಾನು ಮರಿ ಬಿಡುದಿಲ್ಲ,” ಎಂದರು ಮೈಮೂನಮ್ಮ.

ಆ ಕೆರೆಯಲ್ಲಿ ಮತ್ತೆ ಮೀನು ಕಾಣಬೇಕೆಂಬುದು ಜತ್ತಪ್ಪನವರ ಹಟವಾಯಿತು. ಅಂದಿನಿಂದ ತೊಳೆದ ನೀರನ್ನು ಡ್ರಮ್ಮಿನಲ್ಲೇ ತುಂಬಿಟ್ಟರು. ಪುತ್ತೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಹೇಮಶ್ರೀಯನ್ನು ಹುಡುಕಿಕೊಂಡು ಹೋದರು. ಅಡಿಕೆ ಸಿಪ್ಪೆಯ ಇದ್ದಿಲಿಗೆ ಕಬ್ಬಿಣದ ನ್ಯಾನೊ ಕಣ ಹಿಡಿಸಿ ಆಕೆ ಒಂದು ಫಿಲ್ಟರ್ ಮಾಡಿದ್ದರು.

“ಕಬ್ಬಿಣ ಇದ್ದಲ್ಲಿ ನೀರಿನ ತಾಮ್ರ ಬಂದು ಕೂತ್ಕೊಳ್ತದೆ,” ಎಂದು ಆಕೆ ಹೇಳುತ್ತಿದ್ದಂತೆ ಜತ್ತಪ್ಪ ಕತ್ತಿ ತೆಗೆದು ಕೆಂಪು ಕಲೆ ತೋರಿಸಿದರು.

“ಇದೇ ಅಲ್ವಾ ಮೇಡಂ?”

“ಇದೇ. ನಿಮ್ಮ ಕತ್ತಿಯನ್ನು ಕಣ್ಣಿಗೆ ಕಾಣದಷ್ಟು ಪುಡಿ ಮಾಡಿದ ಹಾಗೆ. ಪುಡಿಯಾದಷ್ಟೂ ಹಿಡಿಯುದು ಜಾಸ್ತಿ.”

“ಹಾಗಾದ್ರೆ ನಂದು ಸ್ವಲ್ಪ ದಪ್ಪ ನ್ಯಾನೊ!”

ಡ್ರಮ್ಮಿನ ನೀರನ್ನು ಆ ಫಿಲ್ಟರಿನಲ್ಲಿ ಸೋಸಿದರು. ಸೋಸಿದ ನೀರಿನ ಪರೀಕ್ಷೆಗೆ ಆಕೆಯ ಬಳಿ ಬೆಳ್ಳಿಯ ನ್ಯಾನೊ ಕಣ ಸವರಿದ ಹಳದಿ ಕಾಗದವಿತ್ತು. ತಾಮ್ರ ಉಳಿದಿದ್ದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಮೊದಲ ಸಲ ತಿರುಗಿಯೇಬಿಟ್ಟಿತು. ಸುಣ್ಣದ ಗಸಿ ಫಿಲ್ಟರಿನ ಕಬ್ಬಿಣದ ಕಣಗಳನ್ನು ಮುಚ್ಚಿಬಿಟ್ಟಿತ್ತು. ಎರಡು ದಿನ ನೀರನ್ನು ಅಲುಗಿಸದೆ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಸೋಸುವ ಉಪಾಯ ಜತ್ತಪ್ಪನವರದು. ಆಮೇಲೆ ಮೂರು ಡ್ರಮ್ಮಿನ ನೀರಿಗೂ ಕಾಗದ ಹಳದಿಯಾಗಿಯೇ ಉಳಿಯಿತು.

ಮೈಮೂನಮ್ಮನಿಗೆ ಅದು ಸಾಲಲಿಲ್ಲ. “ಕಾಗದ ಈಜುದಿಲ್ಲ,” ಎಂದು ತಂಗಿಯ ಮನೆಯಿಂದ ಆರು ಮೀನುಮರಿ ತಂದು, ಸೋಸಿದ ನೀರಿನ ಬಕೆಟ್ಟಿಗೆ ಬಿಟ್ಟರು. ಜತ್ತಪ್ಪ ಅಂದಿನ ಕೆಲಸ ಬಿಟ್ಟು ಬಕೆಟ್ಟಿನ ಪಕ್ಕ ಕುಳಿತರು.

“ಮೀನು ಎಂತ ಓಡಿ ಹೋಗ್ತದಾ ಮಾರಾಯ್ರೆ? ಚಾ ಕುಡಿಯಿರಿ.”

ಚಾ ಆರಿಹೋಯಿತು.

ಮರುದಿನ ಬೆಳಿಗ್ಗೆ ಜತ್ತಪ್ಪ ಬಂದಾಗ ಆರೂ ಮರಿಗಳು ಚುರುಕಾಗಿ ಸುತ್ತುತ್ತಿದ್ದವು. ಮೈಮೂನಮ್ಮ ಬಕೆಟ್ ಎತ್ತಿ, ಮಳೆಯಲ್ಲಿ ಹಳೆ ನೀರೆಲ್ಲ ಹರಿದುಹೋಗಿದ್ದ ಕೆರೆಗೆ ಮರಿಗಳ ಸಮೇತ ಸುರಿದರು.

“ಉಳಿದ ಮರಿ ತರ್ಲಿಕ್ಕೆ ನಾಳೆ ನೀವೂ ಬನ್ನಿ. ಮರಿ ತುಂಬಿದ ಪ್ಲಾಸ್ಟಿಕ್ ತೊಟ್ಟೆ ಹಿಡಿಲಿಕ್ಕೆ ಜನ ಬೇಕು.”