ಇರಾಕಿನ ದಾಯಾದಿ ಜಗಳ

ನಾನು ಹಂಪಾಪುರದಲ್ಲಿ ಮೇಷ್ಟ್ರಾಗಿದ್ದ ಕಾಲಕ್ಕೆ ಪತ್ರಿಕೆ ಬರುತ್ತಿದ್ದುದು ಮೈಸೂರಿನಿಂದ ನಮ್ಮ ತಾಲ್ಲೂಕಿನ ಊರು ಕೋಟೆಗೆ ಹೋಗುವ ಬಸ್ಸಿನಲ್ಲಿ. ಬಸ್ಸು ಕೆಟ್ಟರೆ ಪ್ರಪಂಚವೂ ಅವತ್ತಿಗೆ ನಿಂತ ಹಾಗೆ. ಸಂಜೆ ಪಟೇಲರ ಜಗುಲಿಯಲ್ಲಿ ಅದನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ, ಅರ್ಥ ಹೇಳುವುದು ಪಟೇಲರ ಕೆಲಸ. ಈ ಹಂಚಿಕೆ ಮಾಡಿದವರು ಯಾರೋ ಗೊತ್ತಿಲ್ಲ, ನಾನಂತೂ ಮೀರಿದವನಲ್ಲ. ಸಂಬಳ ಸರ್ಕಾರದ್ದಾದರೂ ನಾವಿದ್ದ ಮನೆ ಪಟೇಲರದು.

ಎರಡನೇ ಮಹಾಯುದ್ಧದ ಸುದ್ದಿ ಓದಿದರೆ ಜಗುಲಿ ಆಕಳಿಸುತ್ತಿತ್ತು. ಇರಾಕ್ ಎಂಬ ಹೆಸರು ಬಂದ ದಿನ ಮಾತ್ರ ಎಲ್ಲರೂ ನನ್ನ ಮುಖ ನೋಡಿದರು. ನನ್ನ ಭಾವ ಕೋಟೆ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದವನು, ಇಂಗ್ಲಿಷರ ದಂಡು ಸೇರಿ ಲಾರಿ ಡ್ರೈವರಾಗಿ ಆ ಬೇಸಗೆ ಅಲ್ಲಿನ ಬಾಸ್ರಾ ಬಂದರಿನಲ್ಲಿ ಇಳಿದಿದ್ದ. ಬಸುರಿ ಅಕ್ಕ ನನ್ನ ಜೊತೆ ಇದ್ದಳು. ಹೆತ್ತವರು ಹೋದಮೇಲೆ ನಮ್ಮ ಮನೆ ನಡೆಸುತ್ತಿದ್ದ ಸೋದರತ್ತೆಯ ಪಕ್ಕದಲ್ಲಿ, ಪಟೇಲರ ಬಾಗಿಲ ಒಳಗೆ ಕೂತು ಅವಳೂ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ ಸುದ್ದಿ, ಗಂಡ ಬದುಕಿದ್ದಾನೆಯೇ ಎಂಬುದು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಪತ್ರಿಕೆಯಲ್ಲಿತ್ತು.

ಇರಾಕಿನ ರಾಜ ಇನ್ನೂ ಚಿಕ್ಕ ಮಗು. ಅವನ ಹೆಸರಿನಲ್ಲಿ ರಾಜ್ಯ ನೋಡುತ್ತಿದ್ದವನು ಸೋದರಮಾವ, ಇಂಗ್ಲಿಷರ ಕಡೆಯವನು. ಒಬ್ಬ ಮಂತ್ರಿ, ಅವನ ಬೆನ್ನಿಗೆ ನಿಂತ ದಂಡಿನ ಅಧಿಕಾರಿಗಳು ಸೇರಿ ಮಾವನನ್ನು ಓಡಿಸಿದರು. ಇಂಗ್ಲಿಷರ ನೊಗ ಸಾಕು ಎಂಬುದು ಅವರ ಮಾತು. ಮಾವ ತಪ್ಪಿಸಿಕೊಂಡು ಹೋಗಿ ಸೇರಿದ್ದು ಪಕ್ಕದ ರಾಜ್ಯಕ್ಕೆ. ಅಲ್ಲಿ ಆಳುತ್ತಿದ್ದವನು ಅವನ ಚಿಕ್ಕಪ್ಪನೇ.

ಇಷ್ಟು ಓದುವಷ್ಟರಲ್ಲಿ ಪಟೇಲರು ನೆಟ್ಟಗೆ ಕೂತರು. ಜರ್ಮನಿ, ರಷ್ಯಾ ಎಂದರೆ ತೂಕಡಿಸುವ ಮನುಷ್ಯನಿಗೆ ಇದು ಅಂಗೈ ಗೆರೆಯಷ್ಟು ಪರಿಚಯ.

“ಇದು ಯುದ್ಧ ಅಲ್ಲ ಕಣ್ರೀ ಮೇಷ್ಟ್ರೇ, ದಾಯಾದಿ ಜಗಳ. ಮೀಸೆ ಚಿಗುರದ ಹುಡುಗ ಯಜಮಾನ, ಪಾರುಪತ್ಯ ಮಾವಂದು. ಒಲಕೆ ನೀರು ಬಿಡೋ ಆಳು ಪುಂಡ್ರನ್ನ ಸೇರ್ಕಂಡು ಮಾವನ್ನ ಓಡುಸ್ದ. ಮಾವ ಚಿಕ್ಕಪ್ಪನ ಅಟ್ಟೀಗೋದ. ಪಿರಿಯಾಪಟ್ಟಣದ ಕಡೆ ಇಂಥವು ನಾನೇ ಎಷ್ಟು ತೀರ್ಮಾನ ಮಾಡಿವ್ನಿ!”

ಮರುದಿನದಿಂದ ಅವರಿಗೆ ಪುರಾವೆ ಒದಗುತ್ತಲೇ ಹೋಯಿತು. ತುರ್ಕಿಯವರು ನಡುವೆ ನಿಂತು ರಾಜಿ ಮಾಡಿಸುತ್ತೇವೆ ಎಂದರಂತೆ. “ನೋಡುದ್ರಾ, ನೆರೆಯೋರು ಪಂಚಾಯ್ತಿಗೆ ಬಂದ್ರು.” ಇನ್ನೊಬ್ಬ ಅರಬ್ಬಿ ರಾಜ ಯಾರ ಕಡೆಗೂ ಸೇರಲಿಲ್ಲವಂತೆ. ಇರಾಕಿನ ರಾಜಮನೆತನಕ್ಕೂ ಅವನಿಗೂ ಹಳೆಯ ಹಗೆ. “ಕಳ್ಳ, ಅಡ್ಡಗೋಡೆ ಮೇಲೆ ದೀಪ ಮಡುಗವ್ನೆ.” ಜರ್ಮನಿಯ ವಿಮಾನಗಳು ಸಿರಿಯಾದ ದಾರಿಯಲ್ಲಿ ಮಂತ್ರಿಯ ನೆರವಿಗೆ ಬಂದವು ಎಂದು ಓದಿದಾಗ ಮಾತ್ರ ಪಟೇಲರು ಎಲೆಯಡಿಕೆ ಉಗುಳಲು ಎದ್ದು ಹೋದರು. ಅದು ಅವರ ಲೆಕ್ಕದಲ್ಲಿ ಕೂರಲಿಲ್ಲ.

ಬಾಸ್ರಾದ ಬಳಿ ಗುಂಡು ಹಾರುತ್ತಿದೆ ಎಂಬ ಸುದ್ದಿ ಓದಿದ ದಿನ ಅಕ್ಕ ಬಾಗಿಲ ಒಳಗಿನಿಂದ ಮೊದಲ ಸಲ ಮಾತಾಡಿದಳು. “ಲಾರಿ ಓಡ್ಸೋರ್ಗೂ ಒಡೀತಾರಾ, ಪಟೇಲ್ರೇ?”

“ಏ, ಬುಡವ್ವ! ದಾಯಾದಿಗಳು ಒಡೆದಾಡ್ಕೊಂಡ್ರೆ ಕೂಲಿಯೋನ್ಗೆ ಯಾರಾದ್ರೂ ಒಡೀತಾರಾ? ನಾಳೆ ಉಳೋಕೆ ಯಾರು ಬತ್ತಾರೆ?”

ನಮ್ಮ ಕಡೆ ಇದು ನಿಜ. ಅಣ್ಣ ತಮ್ಮ ಕೊಡಲಿ ಹಿಡಿದು ನಿಂತರೂ ಇಬ್ಬರ ಹೊಲದಲ್ಲೂ ಉಳುವ ಆಳನ್ನು ಮುಟ್ಟಕೂಡದು. ಅವನು ಎರಡೂ ಮನೆಯಲ್ಲಿ ಮುದ್ದೆ ತಿಂದು ಹೋಗುತ್ತಾನೆ. ಆ ಮಾತು ಕೇಳಿ ಅಕ್ಕ ಅವತ್ತು ಹೊಟ್ಟೆ ತುಂಬ ಉಂಡಳು. ನನಗೂ ಸಮಾಧಾನವಾಯಿತು ಎಂದರೆ ಓದಿದವನು ಹೀಗೆ ಹೇಳಬಹುದೇ ಎಂದು ನಗುತ್ತೀರಿ. ನಗಿ.

ಮಳೆ ಹಿಡಿಯುವ ಹೊತ್ತಿಗೆ ಜಗಳ ಮುಗಿಯಿತು. ಮಂತ್ರಿ ಪರಾರಿ, ಸೋದರಮಾವ ಮರಳಿ ಬಾಗ್ದಾದಿಗೆ. ಪಟೇಲರು ಜಗುಲಿಯಲ್ಲಿದ್ದವರಿಗೆಲ್ಲ ಬೆಲ್ಲ ಹಂಚಿದರು, ತಾವೇ ರಾಜಿ ಮಾಡಿಸಿದವರ ಹಾಗೆ. ಅಕ್ಕನಿಗೆ ಏಳು ತಿಂಗಳು ತುಂಬಿತ್ತು. ಗಂಡನ ಸುದ್ದಿ ತಿಳಿಯದೆ ಬಳೆ ತೊಡಿಸುವುದು ಹೇಗೆ ಎಂದು ಅಲ್ಲಿಯವರೆಗೆ ಮುಂದೂಡುತ್ತಿದ್ದ ಅತ್ತೆ, “ಎಲ್ಲ ತಣ್ಣಗಾಯ್ತಲ್ಲ” ಎಂದು ಬಳೆಗಾರನಿಗೆ ಹೇಳಿಕಳಿಸಿದಳು. ಮುತ್ತೈದೆಯರು ಹಾಡಿದರು. ಬಳೆಗಾರ ಅಕ್ಕನ ಎರಡೂ ಕೈಗೆ ಹಸಿರು ಬಳೆ ಏರಿಸಿದ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು, ಅಡುಗೆಮನೆಯ ಬಾಗಿಲು ದಾಟದೆ ಅಲ್ಲಿಂದಲೇ ನೋಡಿದಳು. ಅಕ್ಕ ಅವತ್ತು ಚೆನ್ನಾಗಿ ಕಾಣುತ್ತಿದ್ದಳು. ನನಗೆ ಬಹಳ ಸಂತೋಷವಾಯಿತು.

ಕೋಟೆಯ ಅಮಲ್ದಾರರ ಕಚೇರಿಯಿಂದ ಜವಾನ ಬಂದಿದ್ದು ಅದಾದ ಮೇಲೆ. ತಂದ ಸುದ್ದಿ ಚಿಕ್ಕದು. ಜಗಳ ಶುರುವಾದ ಮೊದಲ ವಾರದಲ್ಲೇ, ಬಾಸ್ರಾದ ಹೊರಗೆ, ಲಾರಿಯ ಮೇಲೆ ಗುಂಡು ಬಿದ್ದು ಭಾವ ಹೋಗಿದ್ದ. ಪಟೇಲರು ನಮ್ಮ ಅಂಗಳಕ್ಕೆ ಬಂದು, “ಆಳ್ಗೇ ಬಿತ್ತಲ್ಲಪ್ಪಾ ಏಟು” ಎಂದಷ್ಟೇ ಹೇಳಿ ಕಲ್ಲಿನ ಮೇಲೆ ಕೂತರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಾಗ್ದಾದಿನ ಮೇಲೆ ಬಂತು, ಬಾಗ್ದಾದು ಎಲ್ಲಿದೆಯೆಂದು ನಕ್ಷೆಯಲ್ಲಿ ಬಿಟ್ಟರೆ ತಿಳಿಯದವನಿಗೆ.

ಹೆಂಗಸರು ಸೇರಿದರು. ಬಸುರಿಯ ಬಳೆ ಒಡೆಯಬಹುದೇ, ಹೆರಿಗೆಯಾಗುವವರೆಗೆ ಕಾಯಬೇಕೇ ಎಂದು ಮೆಲ್ಲಗೆ ಚರ್ಚೆ ಆಯಿತು. ಸಂಪ್ರದಾಯ ಬಿಟ್ಟರೆ ಕೂಸಿಗೆ ಕೇಡು ಎಂಬ ಮಾತೇ ಗೆದ್ದಿತು. ಅತ್ತೆ ಅಳುತ್ತಲೇ ಅಕ್ಕನ ಮುಂದೆ ಕೂತು ಅವಳ ಮುಂಗೈ ಹಿಡಿದಳು. ಅಲ್ಲಿಯವರೆಗೆ ಕಣ್ಣೀರು ಹಾಕದೆ ಗೋಡೆಗೆ ಒರಗಿದ್ದ ಅಕ್ಕ ಕೈ ಎಳೆದುಕೊಂಡಳು.

“ಈ ಬಳೆ ತೊಡಿಸ್ದಾಗ ಆಯಪ್ಪ ಇದ್ನಾ, ಅತ್ತೆ? ಆಗ್ಲೇ ಓಗಿದ್ದ. ನಾನು ಮುಂಡೆಯಾಗೇ ಇವ ತೊಟ್ಕಂಡಿವ್ನಿ. ನೀವೆಲ್ಲ ಆಡೇಳಿ ತೊಡಿಸಿದ್ರಿ. ಈಗ ಯಾವ ಗಂಡ ಸತ್ತ ಅಂತ ಒಡೀತೀಯೆ?”

ಹಾಡು ಹೇಳಿದ ಹೆಂಗಸರೆಲ್ಲ ಅಲ್ಲೇ ಇದ್ದರು. ಅತ್ತೆ ತನ್ನ ಬರಿಗೈ ನೋಡಿಕೊಂಡು, “ಅಂಗಾರೆ ಇರ್ಲಿ ಬುಡು, ಮಗ” ಎಂದಳು.